ಕುಳಿತು ಮಾಡುವ ಕೆಲಸದ ದಣಿವು

ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ ಹಿರಿಯರು ನಮ್ಮನ್ನು ತಪ್ಪದೆ ಕೇಳುವ ಮಾತೊಂದಿದೆ: "ಯಾಕಪಾ ತಮ್ಮಾ, ಬಿಸಿಲಿಲ್ಲ, ಮಳಿಯಿಲ್ಲ, ತಣ್ಣಗ ಕುಂತು ಮಾಡೋ ಕೆಲಸ. ಮಾರಿ ಯಾಕ ಹಿಂಗ ಬಾಡೇತಿ?" ಕೇಳುವವರಲ್ಲಿ ಕುಹಕವಿಲ್ಲ. ಹೊಲದಲ್ಲಿ ದುಡಿದು ಬಾಳಿದವರಿಗೆ ದಣಿವೆಂದರೆ ಮೈಯ ದಣಿವು. ಹೊಟ್ಟೆ ತುಂಬ ಉಂಡು ಒಂದು ರಾತ್ರಿ ಮಲಗಿ ಎದ್ದರೆ ಕಳೆಯುವಂಥದ್ದು. ನಾವು ನಕ್ಕು, "ನಿದ್ದೆ ಕಡಿಮೆಯಾಗಿದೆ, ಅಷ್ಟೆ" ಎಂದು ಮಾತನ್ನು ತೇಲಿಸಿಬಿಡುತ್ತೇವೆ. ಆ ಉತ್ತರ ಸುಳ್ಳಲ್ಲವಾದರೂ ಪೂರ್ಣವಲ್ಲ. ಈ ಆರೋಗ್ಯ ವಿಭಾಗದಲ್ಲಿ ಮಧುಮೇಹ, ಮೊಣಕಾಲು ನೋವು, ಪಥ್ಯಗಳ ಕುರಿತ ಬರಹಗಳನ್ನು ಓದುವ ಭಕ್ತರಲ್ಲಿ ಅನೇಕರ ಮಕ್ಕಳು, ಸೊಸೆಯಂದಿರು ಇಂದು ತಂತ್ರಾಂಶ ಉದ್ಯೋಗದಲ್ಲಿದ್ದಾರೆ. ಅವರ ಮುಖ ಬಾಡುವುದೇಕೆಂಬುದನ್ನು ಮನೆಯವರು ಅರಿಯಬೇಕೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇವೆ.

ನಾವು ಬೆಂಗಳೂರಿನಲ್ಲಿ ಟೆಸ್ಟ್ ಆಟೋಮೇಷನ್ ಎಂಜಿನಿಯರುಗಳಾಗಿ ದುಡಿಯುವವರು. ತಂತ್ರಾಂಶವನ್ನು ಬರೆಯುವವರು ಡೆವಲಪರುಗಳು. ಅವರು ಬರೆದದ್ದು ಸರಿಯಾಗಿದೆಯೇ ಎಂದು ಒರೆ ಹಚ್ಚಿ ನೋಡುವುದು ನಮ್ಮ ಪಾಲಿನ ಕೆಲಸ. ಬ್ಯಾಂಕಿನ ಆ್ಯಪ್ ಒಂದನ್ನು ತೆಗೆದುಕೊಳ್ಳಿ. ತಾವು ಮಗಳಿಗೆ ಸಾವಿರ ರೂಪಾಯಿ ಕಳಿಸಿದಾಗ ತಮ್ಮ ಖಾತೆಯಿಂದ ಸಾವಿರವೇ ಹೋಗಬೇಕು, ಒಮ್ಮೆಯೇ ಹೋಗಬೇಕು, ಅವಳ ಖಾತೆಗೇ ಸೇರಬೇಕು. ಇದನ್ನು ಪ್ರತಿದಿನ ನೂರಾರು ಬಗೆಯಲ್ಲಿ ಕೈಯಿಂದ ಒತ್ತಿ ನೋಡುವುದು ಮನುಷ್ಯರಿಗೆ ಸಾಧ್ಯವಿಲ್ಲ. ಆದ್ದರಿಂದ ಒತ್ತಿ ನೋಡುವ ಕೆಲಸವನ್ನು ಕಂಪ್ಯೂಟರೇ ಮಾಡುವಂತೆ ನಾವು ಸ್ಕ್ರಿಪ್ಟುಗಳನ್ನು ಬರೆಯುತ್ತೇವೆ. ಅವು ರಾತ್ರಿಯಿಡೀ ತಾವಾಗಿಯೇ ಓಡುತ್ತವೆ. ಸರಿಯಿದ್ದರೆ ಹಸಿರು ಗುರುತು, ತಪ್ಪಿದ್ದರೆ ಕೆಂಪು ಗುರುತು. ಬೆಳಗ್ಗೆ ಎದ್ದೊಡನೆ ನಮ್ಮಲ್ಲಿ ಹಲವರು ದೇವರ ಪಟಕ್ಕಿಂತ ಮೊದಲು ನೋಡುವುದು ಆ ಗುರುತುಗಳನ್ನು. ಹೇಳಿಕೊಳ್ಳಲು ನಾಚಿಕೆಯಾಗುವ ಮಾತಾದರೂ ಇದು ನಿಜ.

ಇಂತಹ ಸ್ಕ್ರಿಪ್ಟುಗಳಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಸಾಧನವೊಂದರ ಹೆಸರು ಸೆಲೆನಿಯಂ. ಆರೋಗ್ಯ ವಿಭಾಗದ ಓದುಗರಿಗೆ ಈ ಹೆಸರು ಹೊಸದಲ್ಲ. ದೇಹಕ್ಕೆ ಅತ್ಯಲ್ಪ ಪ್ರಮಾಣದಲ್ಲಿ ಬೇಕಾಗುವ ಖನಿಜವದು. 2004ರಲ್ಲಿ ಅಮೆರಿಕೆಯ ಶಿಕಾಗೋದಲ್ಲಿ ಜೇಸನ್ ಹಗ್ಗಿನ್ಸ್ ಎಂಬ ಎಂಜಿನಿಯರರು ಈ ಸಾಧನವನ್ನು ರೂಪಿಸಿದಾಗ, ಪರೀಕ್ಷಾ ಸಾಧನಗಳನ್ನು ಮಾರುತ್ತಿದ್ದ ದೊಡ್ಡ ಕಂಪನಿಯೊಂದರ ಹೆಸರಿನಲ್ಲಿ ಮರ್ಕ್ಯುರಿ, ಅಂದರೆ ಪಾದರಸ ಎಂಬ ಪದವಿತ್ತು. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯಿಂದ ಹುಟ್ಟಿದ ಹೆಸರಿದು. (ಇದು ಎಂಜಿನಿಯರುಗಳ ಹಾಸ್ಯ, ವೈದ್ಯರ ಸಲಹೆಯಲ್ಲ, ಯಾರೂ ಅಂಗಡಿಗೆ ಹೋಗಿ ಮಾತ್ರೆ ಕೇಳಬಾರದು.)

ಇನ್ನು ಅಜೈಲ್ ಎಂಬ ಪದ್ಧತಿಯ ವಿಚಾರ. ಹಿಂದೆ ತಂತ್ರಾಂಶವನ್ನು ತಿಂಗಳುಗಟ್ಟಲೆ ಬರೆದು, ಎಲ್ಲವೂ ಮುಗಿದ ಮೇಲೆ ಒಮ್ಮೆಗೇ ಪರೀಕ್ಷಕರ ಮುಂದೆ ಸುರಿಯುವ ರೂಢಿಯಿತ್ತು. ಅಷ್ಟು ಹೊತ್ತಿಗೆ ಅಸ್ತಿವಾರದಲ್ಲೇ ತಪ್ಪು ಕಂಡರೂ ತಿದ್ದಲು ಕಾಲವಿರುತ್ತಿರಲಿಲ್ಲ. ಈ ಕಷ್ಟವನ್ನು ಕಂಡುಂಡ 17 ಮಂದಿ 2001ರ ಫೆಬ್ರವರಿಯಲ್ಲಿ ಅಮೆರಿಕೆಯ ಯೂಟಾ ರಾಜ್ಯದ ಸ್ನೋಬರ್ಡ್ ಎಂಬ ಗಿರಿಧಾಮದಲ್ಲಿ ಸೇರಿ, ಚುಟುಕಾದ ಪ್ರಣಾಳಿಕೆಯೊಂದನ್ನು ರಚಿಸಿದರು. ಅದರೊಡನೆ 12 ತತ್ವಗಳೂ ಹೊರಬಂದವು. ಸ್ವಲ್ಪ ಸ್ವಲ್ಪವಾಗಿ ಕಟ್ಟಿ, ಕಟ್ಟಿದ್ದನ್ನು ಆಗಲೇ ನೋಡಿ, ಬಳಸುವವರನ್ನು ಕೇಳಿ ಮುಂದುವರಿಯಬೇಕೆಂಬುದು ಅವುಗಳ ಸಾರ. ಗೋಡೆ ಕಟ್ಟುವ ಮೇಸ್ತ್ರಿ ದಾರಕ್ಕೆ ಕಟ್ಟಿದ ಗುಂಡನ್ನು ವರಸೆ ವರಸೆಗೂ ಇಳಿಬಿಟ್ಟು ನೋಡುತ್ತಾನೆ. ಮನೆ ಮುಗಿದ ಮೇಲೆ ಗೋಡೆ ವಾಲಿದೆಯೆಂದು ಕಂಡು ಪ್ರಯೋಜನವೇನು? ಆದ್ದರಿಂದ ನಾವು ಅಜೈಲ್ ಪದ್ಧತಿಯ ವಿರೋಧಿಗಳಲ್ಲ. ಪರೀಕ್ಷಕರನ್ನು ಮೂಲೆಯಿಂದ ಎಬ್ಬಿಸಿ ಮೊದಲ ದಿನದಿಂದಲೇ ಡೆವಲಪರುಗಳ ಪಕ್ಕದಲ್ಲಿ ಕೂರಿಸಿದ್ದು ಅದೇ.

ಆ 12 ತತ್ವಗಳಲ್ಲಿ ಎಂಟನೆಯದನ್ನು ಮಾತ್ರ ಕಚೇರಿಗಳಲ್ಲಿ ಯಾರೂ ನೆನೆಯುವುದಿಲ್ಲ. ಕೆಲಸ ಮಾಡಿಸುವವರು, ಮಾಡುವವರು, ಬಳಸುವವರು ಎಲ್ಲರೂ ಎಷ್ಟು ಕಾಲವಾದರೂ ಕಾಯ್ದುಕೊಳ್ಳಬಲ್ಲ ಒಂದೇ ಸಮನಾದ ವೇಗ ಇರಬೇಕು ಎಂಬುದು ಅದರ ಭಾವ. ಆ 17 ಮಂದಿಯಲ್ಲೊಬ್ಬರಾದ ಕೆಂಟ್ ಬೆಕ್ ಅದಕ್ಕೂ ಮುಂಚೆಯೇ, 1999ರ ತಮ್ಮ ಪುಸ್ತಕದಲ್ಲಿ, ವಾರಕ್ಕೆ 40 ಗಂಟೆಯ ದುಡಿಮೆಯನ್ನು ಒಳ್ಳೆಯ ತಂತ್ರಾಂಶ ಬರೆಯುವ ಕ್ರಮಗಳಲ್ಲೊಂದಾಗಿ ಎಣಿಸಿದ್ದರು. ದಣಿದವನ ಕೈಯಿಂದ ತಪ್ಪುಗಳು ಹೆಚ್ಚುತ್ತವೆ, ಆ ತಪ್ಪುಗಳನ್ನು ತಿದ್ದಲು ಮತ್ತಷ್ಟು ದಣಿಯಬೇಕಾಗುತ್ತದೆ ಎಂಬುದನ್ನು ಈ ಕಸುಬಿನ ಹಿರಿಯರು ಅಂದೇ ಬಲ್ಲವರಾಗಿದ್ದರು.

ನಡೆಯುತ್ತಿರುವುದು ಬೇರೆ. ಕೆಲಸವನ್ನು ಸಾಮಾನ್ಯವಾಗಿ ಎರಡೆರಡು ವಾರಗಳ ತುಂಡುಗಳಾಗಿ ಹಂಚುತ್ತಾರೆ. ಆ ತುಂಡಿಗೆ ಸ್ಪ್ರಿಂಟ್ ಎಂದು ಹೆಸರು. ಶಾಲೆಯ ಕ್ರೀಡಾಕೂಟದಲ್ಲಿ ನೂರು ಮೀಟರ್ ಓಟಕ್ಕೆ ಇಟ್ಟಿರುವ ಹೆಸರೇ ಅದು. ವರ್ಷಕ್ಕೆ ಇಪ್ಪತ್ತಾರು ಬಾರಿ, ಒಂದು ಮುಗಿದ ಮರುಗಳಿಗೆ ಇನ್ನೊಂದು, ನೂರು ಮೀಟರ್ ಓಡುವವನ ಎದೆ ಏನಾಗಬೇಕು? ಸಮನಾದ ವೇಗವನ್ನು ಬಯಸಿದ ಪದ್ಧತಿಯೊಳಗೆ ಈ ಹೆಸರು ಹೇಗೆ ಬಂದು ಕುಳಿತಿತೋ ಎಂದು ನಮಗೆ ಇಂದಿಗೂ ಸೋಜಿಗ.

ಎರಡು ವಾರವೆಂದರೆ ಕೆಲಸದ ದಿನಗಳು ಹತ್ತು. ಮೊದಲ ದಿನ ಯೋಜನೆಯ ಸಭೆ, ಕೊನೆಯ ದಿನ ಮಾಡಿದ್ದನ್ನು ತೋರಿಸುವ ಸಭೆ. ಡೆವಲಪರು ತನ್ನ ಭಾಗವನ್ನು ಎಂಟನೆಯ ದಿನದ ಸಂಜೆ ಮುಗಿಸಿ, "ನನ್ನ ಕಡೆಯಿಂದ ಆಯಿತು" ಎನ್ನುತ್ತಾನೆ. ಅವನನ್ನು ದೂರುವಂತಿಲ್ಲ, ಅವನ ಮೇಲೂ ಅಷ್ಟೇ ಭಾರವಿದೆ. ಅಲ್ಲಿಂದ ಕೈಯಿಂದ ಪರೀಕ್ಷಿಸಬೇಕು, ತಪ್ಪು ಕಂಡರೆ ತಿಳಿಸಬೇಕು, ತಿದ್ದಿದ ಮೇಲೆ ಮತ್ತೆ ನೋಡಬೇಕು, ಹೊಸ ಭಾಗಕ್ಕೆ ಸ್ಕ್ರಿಪ್ಟ್ ಬರೆಯಬೇಕು, ಹೊಸದರಿಂದ ಮುರಿದುಬಿದ್ದ ಹಳೆಯ ಸ್ಕ್ರಿಪ್ಟುಗಳನ್ನು ಸರಿಪಡಿಸಬೇಕು. ಇಷ್ಟಕ್ಕೆ ಉಳಿದಿರುವುದು ಒಂಬತ್ತನೆಯ ದಿನ ಮತ್ತು ಎರಡು ರಾತ್ರಿ. ಹಳೆಯ ಪದ್ಧತಿಯಲ್ಲಿ ವರ್ಷಕ್ಕೊಮ್ಮೆ ಬರುತ್ತಿದ್ದ ನೆರೆ ಈಗ ಹದಿನೈದು ದಿನಕ್ಕೊಮ್ಮೆ ಬರುತ್ತಿದೆ.

ರಾತ್ರಿಗಳಿಗೆ ಇನ್ನೂ ಒಂದು ಕಾರಣವಿದೆ. ದಿನವೂ ಹದಿನೈದು ನಿಮಿಷ ತಂಡವೆಲ್ಲ ಸೇರುವ ಸ್ಟ್ಯಾಂಡ್-ಅಪ್ ಎಂಬ ಸಭೆಯುಂಟು. ತಂಡದ ಅರ್ಧ ಕ್ಯಾಲಿಫೋರ್ನಿಯಾದಲ್ಲಿದ್ದರೆ ಅಲ್ಲಿನ ಬೆಳಗಿನ 9 ಗಂಟೆ ನಮಗೆ ರಾತ್ರಿ 9:30. ನವೆಂಬರಿನಲ್ಲಿ ಅಲ್ಲಿಯವರು ತಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೊಡನೆ ಅದು 10:30 ಆಗುತ್ತದೆ. ಸಭೆ ಹದಿನೈದು ನಿಮಿಷವೇ ಇರಬಹುದು. ಆದರೆ ಅದರ ನಿರೀಕ್ಷೆಯಲ್ಲಿ ಊಟ ಆತುರದ್ದಾಗುತ್ತದೆ, ಮಗುವನ್ನು ಮಲಗಿಸುವುದು ಮನೆಯ ಇನ್ನೊಬ್ಬರ ಪಾಲಾಗುತ್ತದೆ, ಸಭೆಯಲ್ಲಿ ಹುಟ್ಟಿದ ಪ್ರಶ್ನೆಯೊಂದು ಹಾಸಿಗೆಯವರೆಗೂ ಬರುತ್ತದೆ.

ಇಷ್ಟಾದರೂ ಕೆಲಸದ ಭಾರವೊಂದೇ ಆಗಿದ್ದರೆ ಸಹಿಸಬಹುದಿತ್ತು ಎಂಬುದು ನಮ್ಮ ಅನುಭವ. ನಮ್ಮನ್ನು ಹೆಚ್ಚು ಸವೆಸುವುದು ಇನ್ನೊಂದು. ಏನನ್ನೂ ಬದಲಿಸದಿದ್ದರೂ ಒಮ್ಮೆ ಹಸಿರು, ಇನ್ನೊಮ್ಮೆ ಕೆಂಪು ತೋರಿಸುವ ಪರೀಕ್ಷೆಗಳಿರುತ್ತವೆ. ಇವಕ್ಕೆ ಫ್ಲೇಕಿ ಟೆಸ್ಟ್ ಎನ್ನುತ್ತಾರೆ. ಚಂಚಲ ಪರೀಕ್ಷೆಗಳು ಎನ್ನೋಣ. ಪುಟ ಪೂರ್ತಿ ಮೂಡುವ ಮೊದಲೇ ಸ್ಕ್ರಿಪ್ಟು ಗುಂಡಿಯನ್ನು ಹುಡುಕಿ, ಸಿಗದೆ ಸೋಲುತ್ತದೆ. ಎರಡು ಪರೀಕ್ಷೆಗಳು ಒಂದೇ ಖಾತೆಯನ್ನು ಬಳಸಿ, ಒಂದರ ಲೆಕ್ಕವನ್ನು ಇನ್ನೊಂದು ಕೆಡಿಸುತ್ತದೆ. ನಮ್ಮಲ್ಲೊಂದು ಪರೀಕ್ಷೆ ತಿಂಗಳುಗಟ್ಟಲೆ ನಡುರಾತ್ರಿ ಎರಡಕ್ಕೆ ಮಾತ್ರ ಸೋಲುತ್ತಿತ್ತು. ಹಗಲು ನಾವು ಓಡಿಸಿದರೆ ಸಾಧುವಿನಂತೆ ಹಸಿರು. ಕಡೆಗೆ ತಿಳಿದದ್ದಿಷ್ಟು: ಸರ್ವರು ದಿನಾಂಕವನ್ನು ಜಾಗತಿಕ ಸಮಯದಲ್ಲಿ ಎಣಿಸುತ್ತಿತ್ತು, ನಮ್ಮ ಸ್ಕ್ರಿಪ್ಟು ಭಾರತೀಯ ಕಾಲಮಾನದಲ್ಲಿ. ನಾವು ಐದೂವರೆ ಗಂಟೆ ಮುಂದಿರುವುದರಿಂದ ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗೆ ಅಲ್ಲಿ ನಿನ್ನೆ, ಇಲ್ಲಿ ಇಂದು. ಇದನ್ನು ಕಂಡುಹಿಡಿಯಲು ನಮ್ಮಲ್ಲಿಬ್ಬರು ಎಷ್ಟು ರಾತ್ರಿ ನಿದ್ದೆಗೆಟ್ಟರೆಂಬುದನ್ನು ಲೆಕ್ಕವಿಟ್ಟಿಲ್ಲ.

ಇದು ಅನನುಭವಿಗಳ ಪಾಡು ಮಾತ್ರ ಎಂದುಕೊಳ್ಳಬೇಕಾಗಿಲ್ಲ. ಗೂಗಲ್ ಕಂಪನಿ 2016ರಲ್ಲಿ ತನ್ನ ಲೆಕ್ಕವನ್ನು ತಾನೇ ಬಹಿರಂಗಪಡಿಸಿತು. ಅಲ್ಲಿನ ಪರೀಕ್ಷೆಗಳಲ್ಲಿ ಶೇ. 16ರಷ್ಟಕ್ಕೆ ಯಾವುದೋ ಮಟ್ಟದ ಚಂಚಲತೆಯಿತ್ತು. ಹಸಿರಿನಿಂದ ಕೆಂಪಿಗೆ ತಿರುಗಿದ ಪ್ರಸಂಗಗಳಲ್ಲಿ ಶೇ. 84ರಷ್ಟರಲ್ಲಿ ಇಂತಹ ಚಂಚಲ ಪರೀಕ್ಷೆಯ ಕೈವಾಡವಿತ್ತು. ಅಂದರೆ ನಿದ್ದೆಯಿಂದ ಎಬ್ಬಿಸಿದ ಕೆಂಪು ಗುರುತುಗಳಲ್ಲಿ ಬಹುಪಾಲು ನಿಜವಾದ ಅಪಾಯದ ಸೂಚನೆಗಳೆಂದು ನೆಚ್ಚುವಂತಿರಲಿಲ್ಲ.

ಹಟ್ಟಿಯ ನಾಯಿ ಪ್ರತಿ ರಾತ್ರಿ ಗಾಳಿಗೂ ಬೊಗಳತೊಡಗಿದರೆ ಮನೆಯವರು ಮೊದಮೊದಲು ಎದ್ದು ನೋಡುತ್ತಾರೆ, ಆಮೇಲೆ ಮಲಗಿದಲ್ಲಿಂದಲೇ ಗದರುತ್ತಾರೆ, ಕಳ್ಳ ಬಂದ ದಿನ ಮಗ್ಗುಲು ಬದಲಿಸುತ್ತಾರೆ. ನಮ್ಮ ತಂಡದಲ್ಲಿ ನಡೆದದ್ದೂ ಅದೇ. ಹಣ ಪಾವತಿಸುವ ಗುಂಡಿಯನ್ನು ಯಾರಾದರೂ ಅವಸರದಲ್ಲಿ ಎರಡು ಸಲ ಒತ್ತಿದರೂ ಹಣ ಒಮ್ಮೆಯೇ ಹೋಗಬೇಕೆಂದು ನೋಡುವ ಪರೀಕ್ಷೆಯೊಂದಿತ್ತು. ಅದು ಆಗಾಗ ಕೆಂಪಾಗುತ್ತಿತ್ತು. ಚಂಚಲವೆಂದು ಅದಕ್ಕೆ ಹೆಸರು ಬಿದ್ದಿತ್ತು. ಒಂದು ಶುಕ್ರವಾರ ರಾತ್ರಿ ಹೊಸ ಆವೃತ್ತಿ ಹೊರಬೀಳಬೇಕಾಗಿದ್ದಾಗ ಅದು ಮತ್ತೆ ಕೆಂಪಾಯಿತು. "ಇನ್ನೊಮ್ಮೆ ಓಡಿಸಿ, ಹಸಿರಾಗುತ್ತದೆ" ಎಂದು ಮೇಲಿನಿಂದ ಮಾತು ಬಂತು. ಎರಡನೆಯ ಸಲವೂ ಕೆಂಪು. ಮೂರನೆಯ ಸಲ ಹಸಿರಾಯಿತು, ಆವೃತ್ತಿ ಹೊರಟಿತು. ಶನಿವಾರ ಬೆಳಗ್ಗೆ ಗ್ರಾಹಕರ ಖಾತೆಗಳಿಂದ ಹಣ ಎರಡೆರಡು ಸಲ ಕಡಿತವಾಗಿತ್ತು. ಚಂಚಲತೆ ಪರೀಕ್ಷೆಯದಾಗಿರಲಿಲ್ಲ, ತಂತ್ರಾಂಶದ್ದೇ ಆಗಿತ್ತು. ಪರೀಕ್ಷೆ ಅಷ್ಟು ದಿನ ನಿಜವನ್ನೇ ಹೇಳುತ್ತಿತ್ತು. ಅಂದು ಸಭೆಯಲ್ಲಿ ಕೇಳಿಬಂದ ಮೊದಲ ಪ್ರಶ್ನೆ, "ಇದನ್ನು ಪರೀಕ್ಷಿಸಿದವರು ಯಾರು?"

ಪರೀಕ್ಷಿಸಿದವರು ನಮ್ಮಲ್ಲೊಬ್ಬರು, ಮೂವತ್ತೈದು ದಾಟದವರು. ಮೂರನೆಯ ಸಲ ಹಸಿರಾದಾಗ ಮನಸ್ಸು ಒಪ್ಪದಿದ್ದರೂ "ಸರಿಯಿದೆ" ಎಂದು ಗುರುತು ಹಾಕಿದ್ದರು. ಹಣ ಹಿಂದಿರುಗಿತು, ತಪ್ಪು ತಿದ್ದಿದ್ದಾಯಿತು, ಯಾರ ಕೆಲಸವೂ ಹೋಗಲಿಲ್ಲ. ಆದರೆ ಅವರಿಗೆ ಆ ಮೇಲೆ ತಿಂಗಳುಗಟ್ಟಲೆ ನಿದ್ದೆ ಬೀಳಲಿಲ್ಲ; ರಾತ್ರಿ ಮೂರಕ್ಕೆ ಎದ್ದು ಫೋನು ನೋಡುವ ಚಟ ಅಂಟಿತು. ವೈದ್ಯರು ಪರೀಕ್ಷಿಸಿದಾಗ ರಕ್ತದೊತ್ತಡ ಏರಿತ್ತು. ಅದಕ್ಕೆ ಈ ಘಟನೆಯೇ ಕಾರಣವೆಂದು ನಾವು ಹೇಳಲಾರೆವು. ಅವರ ತಂದೆಯವರಿಗೂ ಒತ್ತಡವಿತ್ತು, ಉಪ್ಪಿನಕಾಯಿಯ ಮೇಲೆ ಅವರಿಗೆ ಪ್ರೀತಿಯೂ ಹೆಚ್ಚು. ಅವರು ನಮ್ಮೊಡನೆ ಆಡಿದ ಮಾತು ಮಾತ್ರ ಮರೆಯಲಾಗದು: "ರಾತ್ರಿಯಿಡೀ ದುಡಿದದ್ದಕ್ಕೆ ನೋವಿಲ್ಲ. ನೋಡದೇ ಇದ್ದದ್ದನ್ನು ನೋಡಿದೆ ಅಂತ ಬರೆದೆನಲ್ಲ, ಅದು ಚುಚ್ಚುತ್ತದೆ." ಕಾಯಕವೆಂದು ನಂಬಿ ದುಡಿಯುವ ಮನೆಯಲ್ಲಿ ಬೆಳೆದವರಿಗೆ ಈ ನೋವು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟ್ ಎಂಬ ಸ್ಥಿತಿಯನ್ನು ವಿವರಿಸಿದೆ. ಶಕ್ತಿ ಬರಿದಾಗುವುದು, ತನ್ನ ಕೆಲಸದ ಬಗ್ಗೆ ಮನಸ್ಸು ದೂರವಾಗಿ ಕಹಿಯಾಗುವುದು, ಕೈಯಿಂದ ಏನೂ ಸಾಗುತ್ತಿಲ್ಲವೆನಿಸುವುದು - ಈ ಮೂರು ಅದರ ಲಕ್ಷಣಗಳು. ಗಮನಿಸಬೇಕಾದ ಸಂಗತಿಯೆಂದರೆ ಸಂಸ್ಥೆ ಇದನ್ನು ರೋಗವೆಂದು ಕರೆದಿಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ, ಕೆಲಸದ ಸ್ಥಳದ ದೀರ್ಘಕಾಲದ ಒತ್ತಡದಿಂದ ಹುಟ್ಟುವ, ಉದ್ಯೋಗಕ್ಕೆ ಸಂಬಂಧಿಸಿದ ವಿದ್ಯಮಾನವೆಂದಿದೆ. ದುಡಿಮೆಯ ಗಂಟೆಗಳ ವಿಚಾರದಲ್ಲಿ ಅದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೊಡಗೂಡಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿದೆ. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ರಕ್ತ ಪೂರೈಕೆ ಕುಂದುವ ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಅಧಿಕ. ನಮ್ಮ ರಾಜ್ಯದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿಯನ್ನು ಹಾಕಿದೆ. 2024ರ ಜುಲೈನಲ್ಲಿ ಐಟಿ ನೌಕರರ ದಿನವನ್ನು 14 ಗಂಟೆಗಳವರೆಗೆ ಹಿಗ್ಗಿಸುವ ಪ್ರಸ್ತಾವ ಸುದ್ದಿಯಾದಾಗ ನೌಕರರ ಸಂಘಟನೆ ಬಲವಾಗಿ ವಿರೋಧಿಸಿತು. ನಾವೂ ಆ ವಿರೋಧದ ಪರ.

ಕಂಪನಿಗಳಿಗೆ ಈ ತೊಂದರೆ ಗೊತ್ತಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ಯೋಗ ಶಿಬಿರ, ಉಸಿರಾಟದ ತರಗತಿ, ಧ್ಯಾನದ ಆ್ಯಪ್ ಒದಗಿಸುತ್ತವೆ. ಪ್ರಾಣಾಯಾಮದಿಂದ ನಮಗೆ ಲಾಭವಾಗಿದೆ. ಅದನ್ನು ಹಗುರವಾಗಿ ಕಾಣುವವರು ನಾವಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆಯಿಂದ ಕಣ್ಣು ತೆಗೆದು ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು, ಪರದೆಯ ಮುಂದೆ ರೆಪ್ಪೆ ಬಡಿಯುವುದು ಕಡಿಮೆಯಾಗುವುದರಿಂದ ಬೇಕೆಂದೇ ಬಡಿಯಬೇಕು, ಗಂಟೆಗೊಮ್ಮೆ ಏಳಬೇಕು. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಛಾವಣಿ ಸೋರುತ್ತಿರುವಾಗ ಮನೆಯವರಿಗೆಲ್ಲ ಕೊಡೆ ಹಂಚಿದರೆ ಸೋರುವುದು ನಿಲ್ಲುತ್ತದೆಯೇ? ನಮ್ಮ ಅಭಿಪ್ರಾಯ ನೇರವಾಗಿದೆ: ಪರೀಕ್ಷಕನ ನಿದ್ದೆ ಕೆಡುವುದು ಅವನ ಮನಸ್ಸಿನ ದೌರ್ಬಲ್ಯದಿಂದಲ್ಲ, ತಂಡದ ಕೆಲಸವನ್ನು ಹೊಂದಿಸಿರುವ ಕ್ರಮದಿಂದ. ಚಿಕಿತ್ಸೆ ಆಗಬೇಕಾದದ್ದು ಆ ಕ್ರಮಕ್ಕೆ.

ಚಿಕಿತ್ಸೆಯೇನೂ ಗುಟ್ಟಿನದಲ್ಲ. ಮೈಕ್ ಕೋನ್ ಎಂಬ ಅಜೈಲ್ ತಜ್ಞರು 2009ರಲ್ಲಿ ಪರೀಕ್ಷೆಗಳ ಪಿರಮಿಡ್ಡನ್ನು ಚಿತ್ರಿಸಿದರು. ತಂತ್ರಾಂಶದ ಒಂದೊಂದೇ ಬಿಡಿಭಾಗವನ್ನು ಕ್ಷಣಾರ್ಧದಲ್ಲಿ ನೋಡುವ ಚಿಕ್ಕ ಪರೀಕ್ಷೆಗಳು ತಳದಲ್ಲಿ ಬಹಳ ಇರಬೇಕು. ಪರದೆಯ ಮೇಲೆ ಗುಂಡಿ ಒತ್ತಿ ನೋಡುವ ನಿಧಾನದ, ಬೇಗ ಮುರಿಯುವ ಪರೀಕ್ಷೆಗಳು ತುದಿಯಲ್ಲಿ ಕೆಲವೇ ಇರಬೇಕು. ತಳದವನ್ನು ಬರೆಯಬೇಕಾದವರು ಡೆವಲಪರುಗಳು. ಅವರು ಬರೆಯದಿದ್ದಾಗ ಎಲ್ಲವೂ ತುದಿಗೆ ಬಂದು ಬೀಳುತ್ತದೆ, ಪಿರಮಿಡ್ಡು ತಲೆಕೆಳಗಾಗಿ ನಮ್ಮ ಹೆಗಲ ಮೇಲೆ ನಿಲ್ಲುತ್ತದೆ. ನಮ್ಮ ತಂಡದಲ್ಲಿ ಆ ಶನಿವಾರದ ನಂತರ ಸುದೀರ್ಘ ಜಗಳವೊಂದು ನಡೆದು (ಅದನ್ನು ಸಭೆ ಎಂದು ದಾಖಲಿಸಲಾಗಿದೆ) ಕೆಲವು ಕಟ್ಟುಗಳು ಬಂದವು. ಪರೀಕ್ಷೆಯಾಗದ ಕೆಲಸವನ್ನು ಮುಗಿದದ್ದೆಂದು ಎಣಿಸಕೂಡದು. ಚಂಚಲವೆಂದು ಕಂಡ ಪರೀಕ್ಷೆಯನ್ನು ಅಂದೇ ಬೇರೆ ಇಟ್ಟು, ಮುಂದಿನ ಸ್ಪ್ರಿಂಟಿನ ಮೊದಲ ಕೆಲಸವಾಗಿ ಅದರ ಕಾರಣವನ್ನು ಹುಡುಕಬೇಕು. ಹುಡುಕುವಾಗ ಡೆವಲಪರೊಬ್ಬರು ಜೊತೆಗಿರಬೇಕು. ಹಸಿರಾಗುವವರೆಗೂ ಮತ್ತೆ ಮತ್ತೆ ಓಡಿಸುವಂತಿಲ್ಲ. ರಾತ್ರಿಯ ಕರೆಗೆ ಎಲ್ಲರೂ ಸರದಿಯಂತೆ ಏಳಬೇಕು, ವ್ಯವಸ್ಥಾಪಕರೂ ಸೇರಿ. ಈ ಕೊನೆಯದನ್ನು ಒಪ್ಪಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಒಪ್ಪಿದ ಮೇಲೆ ರಾತ್ರಿ ಎಬ್ಬಿಸುವ ಸುಳ್ಳು ಸೂಚನೆಗಳು ಬೇಗ ಬೇಗ ಕಡಿಮೆಯಾದವು. ಎದ್ದವರಿಗೆ ತಾನೇ ಅದರ ಬೆಲೆ ತಿಳಿಯುವುದು!

ಮೊದಲ ತಿಂಗಳುಗಳಲ್ಲಿ ನಮ್ಮ ಕೆಲಸದ ವೇಗ ಕುಗ್ಗಿತೆಂಬುದನ್ನು ಮುಚ್ಚಿಡುವುದಿಲ್ಲ. ಒಂದೆರಡು ಸ್ಪ್ರಿಂಟುಗಳಲ್ಲಿ ತೋರಿಸಲು ಹೊಸದೇನೂ ಇಲ್ಲದೆ ತಲೆ ತಗ್ಗಿಸಿ ನಿಂತೆವು. ಎಲ್ಲ ಕಂಪನಿಗಳಲ್ಲೂ ಇಷ್ಟು ತಾಳ್ಮೆ ದೊರೆಯುವುದಿಲ್ಲ. ಕೆಲಸ ಕಳೆದುಕೊಳ್ಳುವ ಭಯವಿರುವಾಗ, ಮನೆಯ ಸಾಲದ ಕಂತು ತಲೆಯ ಮೇಲಿರುವಾಗ, "ಇದು ಹಸಿರಲ್ಲ" ಎಂದು ಹೇಳುವ ಧೈರ್ಯ ಒಬ್ಬಂಟಿಗನಿಗೆ ಬರುವುದು ದುಸ್ತರ. ಆದ್ದರಿಂದಲೇ ಇದನ್ನು ತಂಡದ ಕಟ್ಟಾಗಿ ಮಾಡಬೇಕೇ ಹೊರತು ವ್ಯಕ್ತಿಯ ಧೈರ್ಯಕ್ಕೆ ಬಿಡಬಾರದು.

ಮನೆಯವರಲ್ಲೂ ನಮ್ಮದೊಂದು ವಿನಂತಿಯಿದೆ. "ನಮ್ಮ ಹುಡುಗ ರಾತ್ರಿ ಎರಡರ ತನಕ ಕೆಲಸ ಮಾಡ್ತಾನ್ರೀ" ಎಂದು ನಾಲ್ವರ ಮುಂದೆ ಹೆಮ್ಮೆಯಿಂದ ಹೇಳುವ ತಾಯ್ತಂದೆಯರನ್ನು ನಾವು ಬಲ್ಲೆವು. ಅದು ಪ್ರೀತಿಯ ಮಾತೇ. ಆದರೆ ಅದನ್ನು ಕೇಳಿಸಿಕೊಂಡ ಮಗ ದಣಿವಾಗಿದೆಯೆಂದು ಹೇಳಲು ಮತ್ತಷ್ಟು ಹಿಂಜರಿಯುತ್ತಾನೆ. ಸೊಸೆ ಈ ಕೆಲಸದಲ್ಲಿದ್ದರಂತೂ ರಾತ್ರಿಯ ಸಭೆಯ ಜೊತೆಗೆ ಬೆಳಗಿನ ಒಲೆಯೂ ಅವಳದೇ ಆಗಿರುತ್ತದೆ. ಅವಳ ದಣಿವನ್ನು ಕೇಳುವವರು ಇನ್ನೂ ಕಡಿಮೆ. ಮಗನೋ ಸೊಸೆಯೋ ಕೆಲಸವಿಲ್ಲದ ಹೊತ್ತಿನಲ್ಲೂ ಫೋನು ನೋಡುತ್ತಿದ್ದರೆ, ಮೊದಲು ಇಷ್ಟಪಡುತ್ತಿದ್ದ ಕೆಲಸವನ್ನೇ ಹಳಿಯತೊಡಗಿದರೆ, ರಜೆಯ ದಿನ ಹತ್ತು ಗಂಟೆ ಮಲಗಿದರೂ ದಣಿವು ಆರದಿದ್ದರೆ, ಸೋಮಾರಿತನವೆಂದು ಗದರುವ ಮುನ್ನ ಹತ್ತಿರ ಕುಳಿತು ಮಾತಾಡಿಸಬೇಕು. ನಿದ್ದೆ ವಾರಗಟ್ಟಲೆ ಬಾರದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮನಸ್ಸಿನ ವೈದ್ಯರೆಂದರೆ ಅಳುಕಬೇಕಾಗಿಲ್ಲ; ಬೆಂಗಳೂರಿನ ನಿಮ್ಹಾನ್ಸ್‌ನಂತಹ ಸಾರ್ವಜನಿಕ ಸಂಸ್ಥೆ ನಮ್ಮಲ್ಲೇ ಇದೆ. ಹಗಲು ರಾತ್ರಿಯ ಯಾವ ಹೊತ್ತಿನಲ್ಲಾದರೂ 14416 ಸಂಖ್ಯೆಗೆ ಕರೆ ಮಾಡಿದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಆ ಜಗಳದ ಸಭೆಯಲ್ಲಿ ಬಂದ ಇನ್ನೊಂದು ಕಟ್ಟನ್ನು ಹೇಳುವುದು ಉಳಿಯಿತು. ಸ್ಟ್ಯಾಂಡ್-ಅಪ್ ಈಗ ಒಂದು ವಾರ ನಮ್ಮ ರಾತ್ರಿ 8ಕ್ಕೆ. ಅದಕ್ಕಾಗಿ ಕ್ಯಾಲಿಫೋರ್ನಿಯಾದವರು ಬೆಳಗಿನ 7:30ಕ್ಕೆ ಸಿದ್ಧರಾಗುತ್ತಾರೆ. ಮರುವಾರ ನಮ್ಮ ಬೆಳಗಿನ 8:30ಕ್ಕೆ. ಆಗ ಅಲ್ಲಿ ಹಿಂದಿನ ದಿನದ ರಾತ್ರಿ 8. ನವೆಂಬರಿನಲ್ಲಿ ಜಾರುವ ಒಂದು ಗಂಟೆಯನ್ನು ಈ ಸಲ ಅವರು ತಮ್ಮ ಕಡೆ ಹಾಕಿಕೊಳ್ಳಲು ಒಪ್ಪಿದ್ದಾರೆ. ರಕ್ತದೊತ್ತಡದ ಮಾತ್ರೆ ಆರಂಭಿಸಿದ ನಮ್ಮ ಸಹೋದ್ಯೋಗಿ ಈಗ ರಾತ್ರಿ ಒಂಬತ್ತಕ್ಕೆ ಊರಿನಿಂದ ಬರುವ ತಾಯಿಯವರ ಕರೆಯನ್ನು ಎತ್ತುತ್ತಾರೆ. ಮಾತ್ರೆ ಇನ್ನೂ ನಡೆದಿದೆ, ಪ್ರಮಾಣ ಅರ್ಧಕ್ಕೆ ಇಳಿದಿದೆ. ಉಪ್ಪಿನಕಾಯಿಯನ್ನು ಮಾತ್ರ ಇನ್ನೂ ಬಿಟ್ಟಿಲ್ಲ.